ಹಡಗು ಹತ್ತಿಸಿದರೆ ಸಾಲದು, ತೋರಿಸುವವರೂ ಬೇಕು

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ನಾವು ಎರಡು ಸಲ ಹೋಗಿದ್ದೇವೆ.

ಮೊದಲ ಸಲ ಹೋದದ್ದು ಓದು ಮುಗಿಸಿದ ವರ್ಷ. ಬೋಟಿನಲ್ಲಿ ಸಿನಿಮಾ ಹಾಡು ಜೋರಾಗಿ ಹಾಕಿದ್ದರು. ದ್ವೀಪದಲ್ಲಿ ಇಳಿದೆವು, ಕಂಬದಂಥ ಕಲ್ಲುಗಳ ಮೇಲೆ ಹತ್ತಿ ಫೋಟೋ ತೆಗೆದುಕೊಂಡೆವು, ಸೀಟಿ ಊದಿದ ಮೇಲೆ ವಾಪಸ್ ಬೋಟು ಹತ್ತಿದೆವು. ಊರಿಗೆ ಬಂದ ಮೇಲೆ ಮನೆಯಲ್ಲಿ ಕೇಳಿದರು, ‘ಏನು ನೋಡ್ಕೊಂಡು ಬಂದ್ರಿ?’ ‘ಕಲ್ಲು’ ಅಂದೆವು. ‘ಕಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?’ ಅಂತ ನಕ್ಕರು.

ಎರಡನೇ ಸಲ ಹೋದಾಗ ನಮ್ಮ ಬೋಟಿನಲ್ಲೇ ಯಾವುದೋ ಕಾಲೇಜಿನ ಭೂಗರ್ಭಶಾಸ್ತ್ರದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಿದ್ದರು. ಅವರು ಹೇಳುವುದನ್ನು ನಾವೂ ಕಿವಿಗೊಟ್ಟು ಕೇಳಿದೆವು. ‘ಬೇಸಿಗೇಲಿ ಕೆರೆ ಒಣಗಿದಾಗ ಕೆಸರು ಹೇಗೆ ಬಿರುಕು ಬಿಡುತ್ತೆ ನೋಡಿದ್ದೀರಲ್ಲ? ಐದು ಮೂಲೆ, ಆರು ಮೂಲೆ ಹಲ್ಲೆಹಲ್ಲೆಯಾಗಿ? ಇದೂ ಹಾಗೇ. ಆದ್ರೆ ಇದು ಕೆಸರಲ್ಲ, ಕುದಿಯೋ ಲಾವಾ. ಅದು ತಣ್ಣಗಾಗ್ತಾ ಕುಗ್ಗಿ ಬಿರುಕು ಬಿಟ್ಟು ಕಂಬ ಕಂಬ ಆಗಿ ನಿಂತಿದೆ’ ಅಂದರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಇಂದಿನ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಅದು. ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ ಅನ್ನುವುದೂ ನಮಗೆ ಆಗಲೇ ಗೊತ್ತಾದದ್ದು.

ಕಲ್ಲು ಅದೇ, ಕಡಲೂ ಅದೇ. ಆದರೆ ಆ ದಿನ ನಾವು ಕಲ್ಲಿನ ಮೇಲೆ ಕಾಲಿಡುವಾಗ ಒಂದು ಕ್ಷಣ ತಡೆದು ಇಟ್ಟೆವು.

ನಮಗೆ ಮರೆಯಲಾಗದ ಮಾತು ಮಾತ್ರ ಮೇಷ್ಟ್ರದ್ದಲ್ಲ. ಬೋಟಿನಲ್ಲಿ ಹಗ್ಗ ಹಿಡಿದು ಜನರನ್ನು ಹತ್ತಿಸಿ ಇಳಿಸುತ್ತಿದ್ದ, ಐವತ್ತು ದಾಟಿದ ಒಬ್ಬರು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಕೊನೆಗೆ ಅಂದರು: ‘ಇಷ್ಟು ವರ್ಷ ಜನ ಕರ್ಕೊಂಡು ಬಂದೆ ಮಾರಾಯ್ರೆ, ಈ ಕಲ್ಲಿನ ಕತೆ ನಂಗೇ ಯಾರೂ ಹೇಳ್ಲಿಲ್ಲ.’

ಈ ಬರಹ ಹುಟ್ಟಿದ್ದು ಆ ಒಂದು ಮಾತಿನಿಂದ.

‘ಕ್ರೂಸ್ ನಮಗಲ್ಲ’ ಅನ್ನಬೇಡಿ

ಈಚೆಗೆ ಫೋನಿನಲ್ಲಿ ಕ್ರೂಸ್ ಪ್ರವಾಸದ ವಿಡಿಯೋಗಳು ನಿಮಗೂ ಬರುತ್ತಿರಬಹುದು. ಹತ್ತಾರು ಅಂತಸ್ತಿನ ಹಡಗು, ಅದರಲ್ಲೇ ಈಜುಕೊಳ, ಅದರಲ್ಲೇ ಊಟ, ಆಟ, ಕುಣಿತ. ರಾತ್ರಿ ಮಲಗಿದರೆ ಬೆಳಗ್ಗೆ ಬೇರೆ ಊರಿನ ಬಂದರು. ಮುಂಬೈ, ಗೋವಾ, ಲಕ್ಷದ್ವೀಪಕ್ಕೆ ಹೀಗೆ ಹಡಗುಗಳು ಓಡುತ್ತಿವೆ. ನದಿಯಲ್ಲೂ ಇವೆ. 2023ರ ಜನವರಿಯಲ್ಲಿ ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ’ ಹಡಗಿನದು ದಿಬ್ರುಗಢದವರೆಗೆ 51 ದಿನಗಳ, 3,200 ಕಿಲೋಮೀಟರಿನ ಪ್ರಯಾಣ.

‘ಅದೆಲ್ಲ ದುಡ್ಡಿದ್ದವರಿಗೆ, ನಮಗ್ಯಾಕೆ’ ಅಂತ ನೀವು ಅನ್ನಬಹುದು. ಟಿಕೆಟ್ ತೆಗೆದುಕೊಳ್ಳುವ ವಿಷಯ ನಾವು ಮಾತಾಡುತ್ತಿಲ್ಲ. ಆ ಹಡಗಿನಲ್ಲಿ ಇರಲೇಬೇಕಾದ ಒಂದು ಕೆಲಸದ ಬಗ್ಗೆ ಮಾತಾಡುತ್ತಿದ್ದೇವೆ. ಆ ಕೆಲಸ ನಮ್ಮ ಹಳ್ಳಿಯ ಹುಡುಗ ಹುಡುಗಿಯರಿಗೆ ಒಗ್ಗುವಂಥದ್ದು. ಅದು ಹಡಗಿನಲ್ಲೇ ಇದ್ದು ಜಾಗದ ಕತೆ ಹೇಳುವ ಗೈಡ್ ಕೆಲಸ.

ಹಡಗಿನ ಪ್ರವಾಸಕ್ಕೆ ಇಂಥವರು ಯಾಕೆ ಅಷ್ಟು ಮುಖ್ಯ? ಬಸ್ಸಿನಲ್ಲಿ ಹೋದರೆ ಕಿಟಕಿಯಲ್ಲಿ ಊರು ಕಾಣುತ್ತೆ, ಬೋರ್ಡು ಕಾಣುತ್ತೆ, ಪಕ್ಕದವರು ಮಾತಾಡುತ್ತಾರೆ. ಕಡಲಿನಲ್ಲಿ ಗೊತ್ತಿಲ್ಲದವರಿಗೆ ಕಾಣುವುದು ಬರೀ ನೀರು. ಗೊತ್ತಿದ್ದವರಿಗೆ ಅಲ್ಲಿ ಹಕ್ಕಿಗಳು ಒಂದೇ ಕಡೆ ಮುಗಿಬಿದ್ದರೆ ಕೆಳಗೆ ಮೀನಿನ ಹಿಂಡಿದೆ ಅಂತ ತಿಳಿಯುತ್ತೆ. ನೀರಿನ ಬಣ್ಣ ಬದಲಾದರೆ ಹೊಳೆ ಬಂದು ಸೇರುವ ಅಳಿವೆ ಹತ್ತಿರ ಬಂತು ಅಂತ ತಿಳಿಯುತ್ತೆ. ಬಂದರಿನಲ್ಲಿ ಸಿಗುವ ಸಮಯವೂ ಕಡಿಮೆ. ಬೆಳಗ್ಗೆ ಇಳಿದರೆ ಸಂಜೆಗೆ ಹತ್ತಬೇಕು. ಆ ಕೆಲವೇ ಗಂಟೆಗಳಲ್ಲಿ ಏನು ನೋಡಬೇಕು, ಯಾಕೆ ನೋಡಬೇಕು ಅಂತ ಹಿಂದಿನ ರಾತ್ರಿಯೇ ಯಾರಾದರೂ ಹೇಳಿದ್ದರೆ ಕಣ್ಣು ತಯಾರಾಗಿರುತ್ತೆ.

ಬಂದರಿನಲ್ಲಿ ಸಿಗುವ ಗೈಡಿಗೂ ಹಡಗಿನಲ್ಲೇ ಇರುವ ಗೈಡಿಗೂ ಇರುವ ವ್ಯತ್ಯಾಸವೂ ಇದೇ. ದಡದ ಗೈಡ್ ನಿಮ್ಮನ್ನು ಮೂರು ಗಂಟೆ ನೋಡುತ್ತಾರೆ. ಹಡಗಿನವರು ನಾಲ್ಕು ದಿನ ನಿಮ್ಮ ಜೊತೆ ಊಟ ಮಾಡುತ್ತಾರೆ. ನಿನ್ನೆ ನೀವು ಕೇಳಿದ ಪ್ರಶ್ನೆಗೆ ಇವತ್ತು ಕಣ್ಣೆದುರೇ ಉತ್ತರ ತೋರಿಸುತ್ತಾರೆ. ದಿನದಿನಕ್ಕೂ ಕತೆ ಬೆಳೆಯುತ್ತೆ.

ನೈಲ್ ನದಿಯ ಪಾಠ

ಈಜಿಪ್ಟಿನ ನೈಲ್ ನದಿಯನ್ನು ತೆಗೆದುಕೊಳ್ಳಿ. ನಾವು ಅಲ್ಲಿಗೆ ಹೋಗಿಲ್ಲ, ಓದಿ ತಿಳಿದದ್ದು. ಲಕ್ಸರ್ ಮತ್ತು ಅಸ್ವಾನ್ ಊರುಗಳ ನಡುವೆ ಮೂರು ನಾಲ್ಕು ರಾತ್ರಿಯ ಹಡಗಿನ ಪ್ರವಾಸಗಳು ಬಹಳ ಹೆಸರುವಾಸಿ. ಪ್ರಾಚೀನ ಈಜಿಪ್ಟಿನ ಚರಿತ್ರೆ ಓದಿದ ಗೈಡ್ ಇಂಥ ಪ್ರವಾಸದಲ್ಲಿ ಜೊತೆಗಿರುವುದು ವಾಡಿಕೆ.

ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ಗಾಳಿ ಹೆಚ್ಚಾಗಿ ಬೀಸುವುದು ಉತ್ತರದಿಂದ ದಕ್ಷಿಣಕ್ಕೆ. ಹಾಗಾಗಿ ಹಿಂದಿನವರು ಉತ್ತರಕ್ಕೆ ಹೋಗುವಾಗ ಹಾಯಿ ಇಳಿಸಿ ನೀರಿನ ಜೊತೆ ತೇಲುತ್ತಿದ್ದರು, ದಕ್ಷಿಣಕ್ಕೆ ಹೋಗುವಾಗ ಹಾಯಿ ಬಿಚ್ಚಿ ಗಾಳಿಯ ಜೊತೆ ಏರುತ್ತಿದ್ದರು. ಅವರ ಚಿತ್ರಲಿಪಿಯಲ್ಲೂ ಹಾಗೇ ಇದೆ. ದಕ್ಷಿಣಕ್ಕೆ ಹೋಗುವುದು ಅನ್ನಲು ಹಾಯಿ ಬಿಚ್ಚಿದ ದೋಣಿ, ಉತ್ತರಕ್ಕೆ ಹೋಗುವುದು ಅನ್ನಲು ಹಾಯಿ ಇಲ್ಲದ ದೋಣಿ. ಹಡಗಿನ ಮೇಲೆ ನಿಂತು ಗಾಳಿ ಮುಖಕ್ಕೆ ಬಡಿಯುವಾಗ ಒಬ್ಬರು ಇದನ್ನು ಹೇಳಿದರೆ, ಮಾರನೇ ದಿನ ದೇವಾಲಯದ ಗೋಡೆಯಲ್ಲಿ ಆ ಪುಟ್ಟ ದೋಣಿ ಹುಡುಕುವುದು ಮಕ್ಕಳಿಗೆ ಆಟವಾಗುತ್ತೆ.

ಕೊಮ್ ಒಂಬೊ ದೇವಾಲಯದ ಹತ್ತಿರ ಒಂದು ಬಾವಿಯಿದೆ. ನೋಡಿದರೆ ನಮ್ಮೂರ ಹಳೇ ಬಾವಿಯ ಹಾಗೆ. ಆದರೆ ಅದು ನೈಲ್ ನದಿಯ ನೀರು ಎಷ್ಟು ಏರಿತು ಅಂತ ಅಳೆಯುವ ಬಾವಿ. ನೆರೆ ಎಷ್ಟು ಬಂತು ಅನ್ನುವುದರ ಮೇಲೆ ಬೆಳೆಯ ಅಂದಾಜು, ಬೆಳೆಯ ಅಂದಾಜಿನ ಮೇಲೆ ಕಂದಾಯ. ಕೆ.ಆರ್.ಎಸ್. ನೀರಿನ ಮಟ್ಟ ಇವತ್ತು ಎಷ್ಟು ಅಡಿ ಅಂತ ದಿನಾ ಪೇಪರಿನಲ್ಲಿ ನೋಡುವ ಮಂಡ್ಯದ ರೈತರಿಗೆ ಈ ಬಾವಿಯ ಅರ್ಥ ಯಾರಿಗಿಂತಲೂ ಬೇಗ ಆಗುತ್ತೆ. ಆದರೆ ಹೇಳುವವರಿಲ್ಲದಿದ್ದರೆ? ಬಗ್ಗಿ ನೋಡಿ, ‘ಬಾವಿ’ ಅಂದು ಮುಂದಕ್ಕೆ ಹೋಗುತ್ತೇವೆ. ನಾವು ‘ಕಲ್ಲು’ ಅಂದ ಹಾಗೆ.

ಗೈಡ್ ಇಲ್ಲದೆ ಇಳಿಯುವ ಹಾಗಿಲ್ಲ

ಜಗತ್ತಿನಲ್ಲಿ ಈ ವಿಷಯವನ್ನು ತುಂಬ ಗಂಭೀರವಾಗಿ ತೆಗೆದುಕೊಂಡ ಜಾಗ ಗಲಪಗೋಸ್ ದ್ವೀಪಗಳು. ದಕ್ಷಿಣ ಅಮೆರಿಕದ ಇಕ್ವೆಡಾರ್ ದೇಶದ ದಡದಿಂದ ಸುಮಾರು ಸಾವಿರ ಕಿಲೋಮೀಟರ್ ಆಚೆ ಇವೆ. 1959ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. ದ್ವೀಪಗಳ ನೆಲದಲ್ಲಿ ನೂರಕ್ಕೆ 97 ಪಾಲು ಉದ್ಯಾನಕ್ಕೇ ಸೇರಿದೆ.

ಉದ್ಯಾನದ ಪರವಾನಗಿ ಇರುವ ಗೈಡ್ ಜೊತೆಗಿಲ್ಲದೆ ಹಡಗಿನ ಪ್ರವಾಸಿಗರು ಅಲ್ಲಿನ ಹೆಚ್ಚಿನ ದ್ವೀಪಗಳಲ್ಲಿ ಕಾಲಿಡುವ ಹಾಗಿಲ್ಲ. ಒಬ್ಬ ಗೈಡಿಗೆ ಹೆಚ್ಚೆಂದರೆ 16 ಜನ. ಪ್ರಾಣಿಯಿಂದ ಎರಡು ಮೀಟರ್ ದೂರ ನಿಲ್ಲಬೇಕು. ರಾತ್ರಿ ಊಟಕ್ಕೆ ಮೊದಲು ಗೈಡ್ ನಾಳೆಯ ದ್ವೀಪದ ಬಗ್ಗೆ ಹೇಳುತ್ತಾರೆ. ಅವರೇ ಕತೆಗಾರರು, ಅವರೇ ಕಾವಲುಗಾರರು. ದ್ವೀಪದ ಜೀವಕ್ಕೆ ಬೆಲೆ ಏನು ಅಂತ ತಿಳಿದ ಮೇಲೆ ಜನ ತಾವಾಗಿಯೇ ಕಸ ಎಸೆಯುವುದಿಲ್ಲ. ಬೈದು ಬೋರ್ಡು ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಅಲ್ಲಿ ಕಪ್ಪಗಿನ ಒಂದು ದೊಡ್ಡ ಓತಿಕ್ಯಾತದಂಥ ಪ್ರಾಣಿ ಬಂಡೆಯ ಮೇಲೆ ಬಿಸಿಲು ಕಾಯುತ್ತಾ ಪಿಚಕ್ಕನೆ ಸೀನುತ್ತೆ. ನೋಡಿದವರು ಅಸಹ್ಯಪಡುತ್ತಾರೆ. ಗೈಡ್ ಹೇಳುತ್ತಾರೆ: ಹಲ್ಲಿ, ಓತಿಕ್ಯಾತಗಳ ಜಾತಿಯಲ್ಲೇ ಕಡಲಿಗೆ ಮುಳುಗಿ ಪಾಚಿ ಮೇಯುವುದು ಇದೊಂದೇ. ಮೈಗೆ ಹೋದ ಹೆಚ್ಚಿನ ಉಪ್ಪನ್ನು ಹೀಗೆ ಮೂಗಿನಿಂದ ಸೀನಿ ಹಾಕುತ್ತೆ. ಅಷ್ಟು ಹೇಳಿದ ಮೇಲೆ ಅಸಹ್ಯ ಹೋಗಿ ಬೆರಗು ಬರುತ್ತೆ.

ಫ್ಲೊರಿಯಾನ ಅನ್ನುವ ದ್ವೀಪದಲ್ಲಿ ಒಂದು ಮರದ ಪೀಪಾಯಿ ಇದೆ. ಹಿಂದೆ ತಿಮಿಂಗಿಲ ಬೇಟೆಗೆ ವರ್ಷಗಟ್ಟಲೆ ಬಂದವರು ಮನೆಗೆ ಬರೆದ ಕಾಗದವನ್ನು ಅದರಲ್ಲಿ ಹಾಕುತ್ತಿದ್ದರು. ಆ ಕಡೆ ಹೊರಟ ಹಡಗಿನವರು ಎತ್ತಿಕೊಂಡು ಹೋಗಿ ಮುಟ್ಟಿಸುತ್ತಿದ್ದರು. ಇವತ್ತೂ ಪ್ರವಾಸಿಗರು ಅಂಚೆಚೀಟಿ ಹಚ್ಚದ ಕಾರ್ಡು ಹಾಕುತ್ತಾರೆ, ತಮ್ಮೂರ ಕಡೆಯ ಕಾರ್ಡು ಸಿಕ್ಕರೆ ಒಯ್ದು ಕೊಡುತ್ತಾರೆ. ಊರ ಕಡೆ ಹೊರಟವರ ಕೈಯಲ್ಲಿ ಗಂಟು ಕೊಟ್ಟು ಕಳಿಸುವ ನಮಗೆ ಇದು ಹೊಸದೇನಲ್ಲ. ಆದರೆ ಕತೆ ಹೇಳದಿದ್ದರೆ ಅದು ಒಂದು ಹಳೇ ಪೀಪಾಯಿ, ಅಷ್ಟೇ.

ಅಲ್ಲಿ ಈ ಕೆಲಸ ಯಾರಿಗೆ ಸಿಗುತ್ತೆ ಅನ್ನುವುದನ್ನೂ ಗಮನಿಸಿ. 1998ರಲ್ಲಿ ಗಲಪಗೋಸ್‌ಗೇ ಅಂತ ವಿಶೇಷ ಕಾನೂನು ತಂದರು. ದ್ವೀಪದ ಖಾಯಂ ನಿವಾಸಿಗಳಿಗೆ ಕೆಲಸದಲ್ಲಿ ಆದ್ಯತೆ ಸಿಕ್ಕಿತು. ಗೈಡ್ ಆಗಬೇಕಾದರೆ ತರಬೇತಿ ಪಡೆಯಬೇಕು, ಪರವಾನಗಿ ಪಡೆಯಬೇಕು. ಊರಿನವರು ಅನ್ನುವುದೂ ಬೇಕು, ಓದೂ ಬೇಕು. ಎರಡೂ ಸೇರಿದಾಗಲೇ ಬೆಲೆ.

ಡಾರ್ವಿನ್ ಕೇಳಿಸಿಕೊಳ್ಳದ ಮಾತು

ಚಾರ್ಲ್ಸ್ ಡಾರ್ವಿನ್ ಹೆಸರು ಶಾಲೆಯಲ್ಲಿ ಓದಿದ್ದೀರಿ. ‘ಬೀಗಲ್’ ಹಡಗಿನಲ್ಲಿ 1835ರ ಸೆಪ್ಟೆಂಬರಿನಲ್ಲಿ ಆತ ಗಲಪಗೋಸ್‌ಗೆ ಬಂದ. ವಯಸ್ಸು 26. ಅಲ್ಲಿ ಆಡಳಿತ ನೋಡುತ್ತಿದ್ದ ನಿಕೋಲಸ್ ಲಾಸನ್ ಅನ್ನುವವರು ಮಾತಿನ ನಡುವೆ ಒಂದು ವಿಷಯ ಹೇಳಿದರು. ಆಮೆಯ ಚಿಪ್ಪು ನೋಡಿದರೆ ಸಾಕು, ಅದು ಯಾವ ದ್ವೀಪದ್ದು ಅಂತ ತಾನು ಹೇಳಬಲ್ಲೆ ಅಂದರು.

ಹೌದು, ಅಲ್ಲಿ ಕೆಲವು ಒಣ ದ್ವೀಪಗಳಲ್ಲಿ ಆಮೆಯ ಚಿಪ್ಪು ಕುತ್ತಿಗೆಯ ಹತ್ತಿರ ಕುದುರೆಯ ಜೀನಿನ ಹಾಗೆ ಮೇಲೆದ್ದಿರುತ್ತೆ. ಕುತ್ತಿಗೆ ಎತ್ತಿ ಎತ್ತರದ ಗಿಡ ಮೇಯಲು ಅನುಕೂಲ. ಹಸಿರು ಹುಲ್ಲಿರುವ ದ್ವೀಪದ ಆಮೆಯ ಚಿಪ್ಪು ಬೋರಲು ಹಾಕಿದ ಬಾಣಲೆಯ ಹಾಗೆ ದುಂಡಗೆ.

ಡಾರ್ವಿನ್ ಆ ಮಾತಿಗೆ ಆಗ ಅಷ್ಟು ಬೆಲೆ ಕೊಡಲಿಲ್ಲ. ಎರಡು ದ್ವೀಪಗಳಿಂದ ತಂದ ಮಾದರಿಗಳನ್ನು ಅಷ್ಟರಲ್ಲೇ ಬೆರೆಸಿಬಿಟ್ಟಿದ್ದೆ ಅಂತ ಮುಂದೆ ಆತನೇ ಬರೆದುಕೊಂಡ. ಊರಿಗೆ ಹೋದ ಮೇಲೆ ಯಾವ ಹಕ್ಕಿ ಯಾವ ದ್ವೀಪದ್ದು ಅಂತ ತಿಳಿಯಲು ಹಡಗಿನ ಬೇರೆಯವರು ಇಟ್ಟಿದ್ದ ಸಂಗ್ರಹವನ್ನೂ ನೋಡಬೇಕಾಯಿತು. ಜೀವಿಗಳು ಕಾಲಕ್ರಮದಲ್ಲಿ ಬದಲಾಗುತ್ತವೆ ಅನ್ನುವ ದೊಡ್ಡ ವಿಚಾರಕ್ಕೆ ದಾರಿಯಾದ ಸುಳಿವುಗಳಲ್ಲಿ ಇದೂ ಒಂದು.

ಅಷ್ಟು ದೊಡ್ಡ ಕಣ್ಣಿನ ಮನುಷ್ಯನಿಗೇ ಆ ಜಾಗದಲ್ಲಿ ಇದ್ದವರ ಮಾತು ಬೇಕಾಯಿತು ಅಂದ ಮೇಲೆ, ನಾಲ್ಕು ದಿನದ ರಜೆಗೆ ಹೋಗುವ ನಮಗೆ ಬೇಡವೇ?

ಮಂಗಳೂರಿಗೆ ಬರುವ ಹಡಗು

ಈಗ ನಮ್ಮ ದಡಕ್ಕೆ ಬರೋಣ. ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿಗರ ಹಡಗುಗಳು ಬರುತ್ತವೆ. ಇಳಿದವರನ್ನು ಬಸ್ಸಿನಲ್ಲಿ ಸಂತ ಅಲೋಶಿಯಸ್ ಚಾಪೆಲ್, ಕುದ್ರೋಳಿ, ಗೋಡಂಬಿ ಕಾರ್ಖಾನೆ, ಮೂಡುಬಿದಿರೆಯ ಕಡೆ ಕರೆದುಕೊಂಡು ಹೋಗುತ್ತಾರೆ. ಸಂಜೆಗೆ ಹಡಗು ಹೊರಡುತ್ತೆ.

ಆ ಕೆಲವು ಗಂಟೆಗಳಲ್ಲಿ ಹೇಳಬಹುದಾದ್ದು ಎಷ್ಟಿದೆ ನೋಡಿ. ಗೋಡಂಬಿ ನಮ್ಮದಲ್ಲ, ಬ್ರೆಜಿಲಿನದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಮಂಗಳೂರು ಹಂಚಿನ ಕಾರ್ಖಾನೆಯನ್ನು 1865ರಲ್ಲಿ ಶುರು ಮಾಡಿದ್ದು ಬಾಸೆಲ್ ಮಿಷನ್. ಚಾಪೆಲ್ಲಿನ ಗೋಡೆ ಮತ್ತು ಚಾವಣಿಯ ತುಂಬ ಚಿತ್ರ ಬರೆದದ್ದು ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ. 1430ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆತ್ತನೆಯಲ್ಲಿ ಜಿರಾಫೆ ಇದೆ, ಚೀನೀ ಡ್ರ್ಯಾಗನ್ ಇದೆ. ಜಿರಾಫೆ ಆಫ್ರಿಕಾದ ಪ್ರಾಣಿ. ಮೂಡುಬಿದಿರೆಯ ಶಿಲ್ಪಿಯ ಉಳಿಗೆ ಅದು ಹೇಗೆ ಬಂತು? ಕಡಲ ವ್ಯಾಪಾರದ ದಾರಿಯಲ್ಲಿ ಬಂತು ಅಂತಲೇ ತಿಳಿದವರು ಹೇಳುತ್ತಾರೆ.

ಇದನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದರೆ? ‘ನೀವು ಇವತ್ತು ಹಡಗಿನಲ್ಲಿ ಬಂದಿರಿ. ನಿಮಗಿಂತ ಮೊದಲು ಇದೇ ಕಡಲ ಮೇಲೆ ಗೋಡಂಬಿ ಬಂತು, ಚಿತ್ರಕಾರ ಬಂದ, ಜಿರಾಫೆಯ ಸುದ್ದಿ ಬಂತು’ ಅಂತ ಹಿಂದಿನ ರಾತ್ರಿ ಹಡಗಿನಲ್ಲೇ ಒಬ್ಬರು ಹೇಳಿದರೆ, ಮಾರನೇ ದಿನ ಕಾಣುವ ಮಂಗಳೂರೇ ಬೇರೆ. ಹಾಗೆ ಹೇಳಬಲ್ಲವರು ಬೆಳ್ತಂಗಡಿಯಲ್ಲೋ ಕಾರ್ಕಳದಲ್ಲೋ ಚರಿತ್ರೆ ಓದಿ ಕೆಲಸ ಹುಡುಕುತ್ತಾ ಕೂತ ಹುಡುಗಿ ಯಾಕಾಗಬಾರದು?

ನಮ್ಮಲ್ಲೂ ಇದ್ದಾರೆ

ನಮ್ಮವರಿಗೆ ಇದು ಬರುವುದಿಲ್ಲ ಅಂತ ಯಾರಾದರೂ ಅಂದರೆ ರಂಗನತಿಟ್ಟಿಗೆ ಕಳಿಸಿ. ಕಾವೇರಿಯ ಈ ಪುಟ್ಟ ನಡುಗಡ್ಡೆಗಳು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಿಂದ, ಪಕ್ಷಿಧಾಮವಾದವು. ಅಲ್ಲಿ ಅರಣ್ಯ ಇಲಾಖೆಯ ದೋಣಿ ನಡೆಸುವವರೇ ಗೈಡ್. ‘ನೋಡಿ, ಆ ಬಾಯ್ಕಳಕದ ಕೊಕ್ಕು ಮುಚ್ಚಿದರೂ ನಡುವೆ ಸಂದಿ ಇರುತ್ತೆ, ಬಸವನಹುಳ ಹಿಡಿಯೋಕೆ’ ಅನ್ನುತ್ತಾರೆ. ‘ಮೊಸಳೆ ಬಾಯಿ ತೆರೆದಿರೋದು ನಿಮ್ಮನ್ನ ತಿನ್ನೋಕಲ್ಲ, ಮೈ ಬಿಸಿ ಇಳಿಸೋಕೆ’ ಅನ್ನುತ್ತಾರೆ. ಮಕ್ಕಳು ಕಿರುಚುವುದನ್ನು ನಿಲ್ಲಿಸಿ ನೋಡಲು ಶುರು ಮಾಡುತ್ತಾರೆ. ಅರ್ಧ ಗಂಟೆಯೂ ಆಗದ ಆ ದೋಣಿ ಪಯಣ ಊರಿಗೆ ಬಂದ ಮೇಲೂ ಮಾತಿನಲ್ಲಿ ಉಳಿಯುತ್ತೆ.

ಎರಡು ಆಕ್ಷೇಪ

‘ಎಲ್ಲಾ ಫೋನಿನಲ್ಲಿ ಸಿಗುತ್ತೆ, ಗೈಡ್ ಯಾಕೆ?’ ಅನ್ನುವವರಿದ್ದಾರೆ. ನಡುಗಡಲಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದು ಒಂದು. ಇನ್ನೊಂದು, ಫೋನಿನಲ್ಲಿ ಹುಡುಕಬೇಕಾದರೆ ಏನು ಹುಡುಕಬೇಕು ಅಂತ ಮೊದಲು ಗೊತ್ತಿರಬೇಕು. ಮಲ್ಪೆಯಲ್ಲಿ ಮೊದಲ ಸಲ ನಮ್ಮ ಕೈಯಲ್ಲೂ ಫೋನ್ ಇತ್ತು. ಆ ಕಲ್ಲಿಗೆ ಒಂದು ಕತೆ ಇದೆ ಅನ್ನುವುದೇ ಗೊತ್ತಿಲ್ಲದವರು ಏನಂತ ಹುಡುಕುವುದು?

‘ರಜೆಗೆ ಬಂದಿದ್ದೇವೆ, ಪಾಠ ಬೇಡ’ ಅನ್ನುವವರೂ ಇದ್ದಾರೆ. ಇದರಲ್ಲಿ ನ್ಯಾಯವಿದೆ. ಮೈಕು ಹಿಡಿದು ಬಾಯಿಪಾಠ ಒಪ್ಪಿಸುವ ಗೈಡುಗಳನ್ನು, ಕಮಿಷನ್ನಿಗಾಗಿ ಅಂಗಡಿ ಅಂಗಡಿ ಸುತ್ತಿಸುವವರನ್ನು ನಾವೂ ನೋಡಿದ್ದೇವೆ. ಕೇಳಿದ್ದನ್ನೇ ಚರಿತ್ರೆ ಅಂತ ಹೇಳುವವರೂ ಇದ್ದಾರೆ. ಸೇಂಟ್ ಮೇರೀಸ್ ದ್ವೀಪದ ಮಾತು ಬಂದರೆ 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದ ಅನ್ನುತ್ತಾರೆ. ಅದು ಜನರ ಬಾಯಲ್ಲಿ ಉಳಿದು ಬಂದ ಕತೆ. ಒಳ್ಳೆಯ ಗೈಡ್ ಅದನ್ನೂ ಹೇಳುತ್ತಾರೆ, ಆದರೆ ‘ಹೀಗಂತ ಹೇಳ್ತಾರೆ’ ಅಂತ ಸೇರಿಸಿ ಹೇಳುತ್ತಾರೆ. ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ’ ಅನ್ನುತ್ತಾರೆ. ಸೂರ್ಯ ಮುಳುಗುವಾಗ ಸುಮ್ಮನಿರುತ್ತಾರೆ. ಮಲಗಬೇಕು ಅನ್ನುವವರನ್ನು ಮಲಗಲು ಬಿಡುತ್ತಾರೆ. ಕೆಟ್ಟ ಗೈಡ್ ಇದ್ದಾರೆ ಅನ್ನುವುದು ಗೈಡ್ ಬೇಡ ಅನ್ನಲು ಕಾರಣವಲ್ಲ, ಒಳ್ಳೆಯವರನ್ನು ತಯಾರು ಮಾಡಲು ಕಾರಣ.

ನಾವು ಕೇಳುವುದು ಇಷ್ಟೇ

ದೊಡ್ಡ ಹಡಗಿರಲಿ, ಮಲ್ಪೆಯ ಬೋಟಿರಲಿ, ಶರಾವತಿ ಹಿನ್ನೀರಿನ ಲಾಂಚಿರಲಿ, ಪ್ರವಾಸಕ್ಕೆ ಅಂತ ಟಿಕೆಟ್ ಹರಿಯುವ ಕಡೆ ಜಾಗದ ಬಗ್ಗೆ ಹೇಳಬಲ್ಲ ಒಬ್ಬರು ಇರಬೇಕು. ಅವರ ಸಂಬಳ ಟಿಕೆಟಿನಲ್ಲೇ ಸೇರಿರಬೇಕು, ಭಕ್ಷೀಸಿನ ಆಸೆಯಲ್ಲಿ ಕೈಕಟ್ಟಿ ನಿಲ್ಲುವ ಹಾಗಾಗಬಾರದು. ತರಬೇತಿ ಮೊದಲು ಸಿಗಬೇಕಾದ್ದು ಆ ನೀರಿನ ಮೇಲೇ ಬದುಕಿದವರ ಮನೆಯವರಿಗೆ. ಗಾಳಿ, ಉಬ್ಬರ, ಇಳಿತ, ಮೀನು, ಹಕ್ಕಿ ಅವರಿಗೆ ಗೊತ್ತು. ಕಲ್ಲಿನ ವಯಸ್ಸು, ಬಸದಿಯ ಇಸವಿ ನಮ್ಮ ಕಾಲೇಜಿನವರಿಗೆ ಗೊತ್ತು. ಇಬ್ಬರನ್ನೂ ಒಂದು ವಾರ ಒಟ್ಟಿಗೆ ಕೂರಿಸಲು ದೊಡ್ಡ ಖರ್ಚೇನೂ ಬರುವುದಿಲ್ಲ. ಹತ್ತಿರದ ಕಾಲೇಜೂ ಪಂಚಾಯಿತಿಯೂ ಮನಸ್ಸು ಮಾಡಿದರೆ ಶುರುವಾಗುತ್ತೆ.

ನೀವು ಮಾಡಬಹುದಾದ್ದೂ ಒಂದಿದೆ. ಮುಂದಿನ ಸಲ ಮಕ್ಕಳ ಜೊತೆ ಯಾವ ದೋಣಿ ಹತ್ತಿದರೂ, ‘ಈ ಜಾಗದ ಬಗ್ಗೆ ಹೇಳೋರು ಯಾರಿದ್ದಾರೆ?’ ಅಂತ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಗುತ್ತೆ.

ಆ ದಿನ ಮಲ್ಪೆಗೆ ವಾಪಸ್ ಬರುವಾಗ ಹಗ್ಗ ಹಿಡಿದ ಆ ಹಿರಿಯರು ಮೇಷ್ಟ್ರ ಪಕ್ಕ ಬಂದು ಕೂತರು. ‘ಸರ್, ಆ ಕೆರೆ ಕೆಸರಿನ ಲೆಕ್ಕ ಇನ್ನೊಂದ್ಸಲ ಹೇಳಿ’ ಅಂದರು. ಮೇಷ್ಟ್ರು ಹೇಳಿದರು. ಅವರು ಮೇಷ್ಟ್ರಿಗೆ ಮಳೆಗಾಲದಲ್ಲಿ ಆ ದ್ವೀಪದ ಮೇಲೆ ಅಲೆ ಹೇಗೆ ಹೊಡೆಯುತ್ತೆ ಅಂತ ಹೇಳಿದರು. ನಾವು ದಡದಲ್ಲಿ ಚಹಾ ಕುಡಿಯುತ್ತಿದ್ದಾಗ ಮುಂದಿನ ಟ್ರಿಪ್ಪಿನ ಜನ ಬೋಟು ಹತ್ತುತ್ತಿದ್ದರು. ಹಾಡು ಇನ್ನೂ ಶುರುವಾಗಿರಲಿಲ್ಲ. ಅವರ ದನಿ ನಮಗೆ ಕೇಳಿಸಿತು: ‘ಅಲ್ಲಿ ಕಂಬದ ಹಾಗೆ ಕಲ್ಲುಂಟು, ನೋಡಿ. ಅದು ಸುಮ್ನೆ ಕಲ್ಲಲ್ಲ.’